ಗುರುವಾರದ ಕೊಂಡಿ

ಇನ್ನಾಸಪ್ಪನವರಿಗೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಇರಲಿಲ್ಲ. ಏಳನೇ ತರಗತಿಯದೂ ಇರಲಿಲ್ಲ. ಬಾಹ್ಯಾಕಾಶ ಸಂಸ್ಥೆಯ ಫಾರಂನಲ್ಲಿ ‘ವಿದ್ಯಾರ್ಹತೆ’ ಎಂಬ ಜಾಗವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಅವರ ತಮ್ಮನ ಮಗಳು ಜಸಿಂತಾ ಅಲ್ಲಿ ‘ಇತರೆ’ ಎಂದು ಒತ್ತಿದಳು. ಶುಕ್ರಗ್ರಹದ ನೆಲದ ಮೇಲೆ ಒಂದು ಹಗಲಿಗಿಂತ ಹೆಚ್ಚು ಬದುಕಿದ ಮೊದಲ ಯಂತ್ರದ ಅರ್ಧ ಭಾಗವನ್ನು ಮಾಡಿದವರು ದಾಖಲೆಯ ಪ್ರಕಾರ ‘ಇತರೆ’.

ಮಾಗಡಿ ಕಡೆಯ ಜೋಜಪ್ಪನಪಾಳ್ಯ ಅವರ ಊರು. ನೂರಿಪ್ಪತ್ತು ಮನೆ, ಒಂದು ದೇವಾಲಯ, ದೇವಾಲಯಕ್ಕೊಂದು ಗೋಪುರ, ಗೋಪುರದಲ್ಲೊಂದು ಗಂಟೆ ಬಾರಿಸುವ ಗಡಿಯಾರ. ಅಜ್ಜನ ಕಾಲದಿಂದ ಆ ಮನೆಯ ಕಸುಬು ಗೋಪುರ ಗಡಿಯಾರಗಳ ದುರಸ್ತಿ. ಮೈಸೂರಿನಿಂದ ಕೋಲಾರದವರೆಗೆ ನಲವತ್ತೊಂದು ಚರ್ಚುಗಳ ಗಡಿಯಾರಗಳು ಇನ್ನಾಸಪ್ಪನವರ ಕೈಯಲ್ಲಿದ್ದವು. ಎಪ್ಪತ್ತೊಂದು ವರ್ಷಕ್ಕೂ ಏಣಿ ಹತ್ತುತ್ತಿದ್ದರು. ಗಂಟೆಯ ಪಕ್ಕದಲ್ಲೇ ನಿಂತು ನಿಂತು ಕಿವಿ ಸ್ವಲ್ಪ ಮಂದವಾಗಿ, ಮೆತ್ತಗೆ ಮಾತಾಡುವುದು ಮರೆತಿತ್ತು.

ಶುಕ್ರ ನಮ್ಮ ಪಕ್ಕದ ಗ್ರಹ. ಗಾತ್ರದಲ್ಲಿ ಭೂಮಿಗೆ ತಂಗಿ ಎನ್ನಬಹುದು. ಆದರೆ ನೆಲದ ಮೇಲಿನ ಶಾಖ ನಾನೂರ ಅರವತ್ತು ಡಿಗ್ರಿ. ಸೀಸ ಇಟ್ಟರೆ ಕರಗಿ ಹರಿಯುತ್ತದೆ. ಗಾಳಿಯ ಒತ್ತಡ ಇಲ್ಲಿಯ ತೊಂಬತ್ತು ಪಟ್ಟು. ಮೋಡಗಳಲ್ಲಿರುವುದು ಗಂಧಕಾಮ್ಲ. ಹಿಂದೆ ಅಲ್ಲಿ ಇಳಿದ ಯಂತ್ರಗಳಲ್ಲಿ ಅತಿ ಗಟ್ಟಿಯಾದದ್ದೂ ಎರಡು ಗಂಟೆ ಚಿಲ್ಲರೆಯಲ್ಲಿ ಮಾತು ನಿಲ್ಲಿಸಿತ್ತು. ಸಾಯುತ್ತಿದ್ದುದು ಲೋಹವಲ್ಲ, ಮಿದುಳು. ಚಿಪ್, ಬ್ಯಾಟರಿ, ವೈರು.

“ಹಾಗಾದರೆ ಮಿದುಳೇ ಇಲ್ಲದ್ದನ್ನು ಕಳಿಸೋಣ,” ಎಂದರು ಯೋಜನೆಯ ಮುಖ್ಯಸ್ಥೆ ಡಾ. ಹತ್ವಾರ್, ಒಂದು ಸಭೆಯಲ್ಲಿ. ತಮಾಷೆ ಎಂದು ಕೆಲವರು ನಕ್ಕರು. ಮುಂದಿನ ಸಭೆಗೆ ಅವರು ಚಿತ್ರ ಬರೆದುಕೊಂಡು ಬಂದಿದ್ದರು.

ಚಿತ್ರದಲ್ಲಿದ್ದುದು ಆರು ಗಾಲಿಯ ಒಂದು ಗಾಡಿ. ಗಾಳಿಚಕ್ರವೊಂದು ತಿರುಗಿ ಸ್ಪ್ರಿಂಗಿಗೆ ಕೀಲಿ ಕೊಡುತ್ತದೆ. ಶಾಖ ಹೆಚ್ಚಿದರೆ ಒಂದು ಲೋಹದ ಪಟ್ಟಿ ಬಾಗುತ್ತದೆ, ಒತ್ತಡ ಹೆಚ್ಚಿದರೆ ಒಂದು ಡಬ್ಬಿ ಕುಗ್ಗುತ್ತದೆ. ಗಾಡಿಯ ನೆತ್ತಿಯ ಮೇಲೆ ಕಿಟಕಿ ಬಾಗಿಲಿನಂಥ ತಗಡು. ಶುಕ್ರವನ್ನು ಸುತ್ತುವ ತಾಯಿನೌಕೆ ಮೇಲಿಂದ ರೇಡಾರ್ ಬಿಟ್ಟಾಗ, ತಗಡು ತೆರೆದಿದ್ದರೆ ಹೊಳೆಯುತ್ತದೆ, ಮುಚ್ಚಿದ್ದರೆ ಮಂಕಾಗುತ್ತದೆ. ಉಳಿದದ್ದು ಒಂದೇ ಪ್ರಶ್ನೆ: ಪಟ್ಟಿ ಎಷ್ಟು ಬಾಗಿದೆ ಎಂಬುದನ್ನು ತಗಡಿನ ಇಷ್ಟೇ ಬಡಿತ ಎಂದು ಎಣಿಸಿ ಹೇಳುವವರು ಯಾರು?

ಬಾರಿಸುವ ಗಡಿಯಾರ ನೂರಾರು ವರ್ಷದಿಂದ ಮಾಡುತ್ತಿರುವ ಕೆಲಸವೇ ಇದು. ಅದರೊಳಗೆ ಬಾಚಣಿಗೆಯಂಥ ಹಲ್ಲುಪಟ್ಟಿ ಇರುತ್ತದೆ. ಪಟ್ಟಿ ಎಷ್ಟು ಹಲ್ಲು ಕೆಳಗೆ ಬೀಳುತ್ತದೋ ಸುತ್ತಿಗೆ ಅಷ್ಟು ಸಲ ಬೀಳುತ್ತದೆ. ಮೂರಕ್ಕೆ ಮೂರು, ಹನ್ನೆರಡಕ್ಕೆ ಹನ್ನೆರಡು. ಗಂಟೆಯ ಜಾಗದಲ್ಲಿ ಶಾಖ ಇಟ್ಟರೆ ಆಯಿತು.

ಸಂಸ್ಥೆಯ ಎಂಜಿನಿಯರುಗಳು ಒಂದಕ್ಕೊಂದು ಹಲ್ಲು ಕೂಡಿ ತಿರುಗುವ ಐದು ಬಗೆಯ ಗಾಲಿಸಾಲು ಮಾಡಿ ಕುಲುಮೆಯಲ್ಲಿಟ್ಟರು. ಐದೂ ಕಚ್ಚಿಕೊಂಡು ನಿಂತುಹೋದವು. ಆಗ ಜಸಿಂತಾ ಎದ್ದಳು. ರೇಡಾರಿನ ಬಡಿತಗಳನ್ನು ಅಂಕಿಯಾಗಿ ಓದುವ ಗುಂಪಿನಲ್ಲಿ ಅವಳ ಕೆಲಸ.

“ನಮ್ಮ ದೊಡ್ಡಪ್ಪ ಮಾಡ್ತಾರೆ, ಮೇಡಂ.”

ಈ ಸಲ ಯಾರೂ ನಗಲಿಲ್ಲ. ಹತ್ವಾರ್ ನಗದಿದ್ದುದೇ ಕಾರಣ.

ಇನ್ನಾಸಪ್ಪನವರ ಕಾರ್ಖಾನೆ ಎಂದರೆ ಮನೆಯ ಹಿಂದಿನ ಜಿಂಕ್ ಶೀಟಿನ ಮಾಡು, ಒಂದು ಲೇತು, ಅರಗಳ ಸಾಲು. ಸಂಸ್ಥೆ ಕೊಟ್ಟ ವಿಶೇಷ ಉಕ್ಕನ್ನು ಅವರು ಮೊದಲ ದಿನ ಮೂಸಿ ನೋಡಿದರು. ಎರಡನೇ ದಿನ ಉಜ್ಜಿ ನೋಡಿದರು. ಮೂರನೇ ದಿನ, “ಇದು ಹಟಮಾರಿ. ಬಗ್ಗಿಸಬಹುದು,” ಎಂದರು.

ಅವರ ಹೆಂಡತಿ ಮದಲೇನಮ್ಮ ಕಾಫಿ ತಂದಿಟ್ಟು ಅಲ್ಲೇ ಕೂತಳು.

“ಶುಕ್ರ ಅಂದ್ರೆ ಬೆಳ್ಳಿ ಚುಕ್ಕಿನಾ, ಜಸಿಂತಾ?”

“ಅದೇ ದೊಡ್ಡಮ್ಮ.”

“ಅಲ್ಲಿ ಏನೈತೆ?”

“ಬೆಂಕಿಯಂಥ ಶಾಖ. ಮೇಲೆ ಗಂಧಕ.”

“ಹಂಗಾದ್ರೆ ನರಕ ಅನ್ನು. ಭಾನುವಾರ ಪೂಜೆ ಬಿಟ್ಟು ಗೋಪುರ ಹತ್ಕೊಂಡು ಕೂತ್ಕೊಳೋವಾಗ್ಲೇ ಅಂದಿದ್ದೆ, ಈ ವಯ್ಯ ಒಂದಿನ ಅಲ್ಲಿಗೇ ನೆಂಟಸ್ತನ ಬೆಳೆಸ್ತಾನೆ ಅಂತ.”

“ನಾನು ಹೋಗ್ತಿಲ್ಲ ಕಣೇ. ಗಾಲಿ ಹೋಗ್ತೈತೆ,” ಎಂದು ಇನ್ನಾಸಪ್ಪ ಅರ ಉಜ್ಜಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆಯೇ ಹೇಳಿದರು: “ಬೈಬಲ್‌ನಲ್ಲಿ ಮುಂಜಾನೆ ನಕ್ಷತ್ರ ಅಂತ ಯೇಸುಸ್ವಾಮಿಗೂ ಅಂದವ್ರೆ, ಸ್ವರ್ಗದಿಂದ ಕೆಳಗೆ ಬಿದ್ದ ಸೈತಾನನಿಗೂ ಅಂದವ್ರೆ. ಎಳೇ ವಯಸ್ಸಿಂದ ನಂಗೆ ಅದೊಂದು ಅನುಮಾನ. ಈಗ ಗೊತ್ತಾಯ್ತು. ದೂರದಿಂದ ನೋಡಿದ್ರೆ ಒಂದು, ಹತ್ರ ಹೋದ್ರೆ ಇನ್ನೊಂದು.”

“ಅದನ್ನ ಗಾಲಿ ಮೇಲೆ ಕೆತ್ತಬೇಡಿ,” ಎಂದಳು ಜಸಿಂತಾ. “ಈಗ ನಂಗೆ ಬೇಕಾಗಿರೋದು ಒಂದು ಗುರುತು. ಅಳತೆ ಹೇಳೋಕೆ ಮುಂಚೆ ಗಾಡಿ ‘ನಾನೇ’ ಅನ್ನಬೇಕು. ತಗಡು ಗಾಳಿಗೆ ತಾನಾಗೇ ಬಡ್ಕೊಂಡ್ರೆ ಬರಬಾರದು, ಅಂಥದ್ದು.”

“ಮೂರು, ಮೂರು, ಮೂರು, ಒಂಬತ್ತು.”

ಇನ್ನಾಸಪ್ಪ ಯೋಚನೆಯನ್ನೇ ಮಾಡಿರಲಿಲ್ಲ. ದಿನಕ್ಕೆ ಮೂರು ಹೊತ್ತು ಎಲ್ಲ ಕಥೋಲಿಕ ಗೋಪುರಗಳೂ ಮರಿಯಮ್ಮನವರ ತ್ರಿಕಾಲ ಪ್ರಾರ್ಥನೆಗೆ ಬಾರಿಸುವ ಗಂಟೆ ಅದು. ಸಂಸ್ಥೆಯವರು ಲೆಕ್ಕ ಹಾಕಿ, ಗಾಳಿಗೆ ಈ ಸಾಲು ತಾನಾಗಿ ಬರುವ ಸಾಧ್ಯತೆ ಲಕ್ಷಕ್ಕೊಂದೂ ಇಲ್ಲ ಎಂದು ಒಪ್ಪಿದರು. ಡ್ರಾಯಿಂಗಿನಲ್ಲಿ ಅದರ ಹೆಸರು ‘ಆರಂಭ ಸಂಕೇತ’. ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಜಸಿಂತಾ ಹೇಳಲಿಲ್ಲ.

ಇನ್ನಾಸಪ್ಪನವರ ಗಾಲಿಸಾಲು ಕುಲುಮೆಯಲ್ಲಿ ನಲವತ್ತು ದಿನ ಓಡಿತು. ಹೊರಗೆ ತೆಗೆದಾಗ ನೀಲಿ ಬಣ್ಣಕ್ಕೆ ತಿರುಗಿತ್ತು, ಓಡುತ್ತಲೇ ಇತ್ತು.

ಗಾಡಿ ಶುಕ್ರನ ಮೇಲೆ ಇಳಿದದ್ದು ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಜೋಜಪ್ಪನಪಾಳ್ಯ ಪೂಜೆಯಲ್ಲಿತ್ತು. ಊರಿನ ಚರ್ಚಿನ ವಿಚಾರಣಾ ಗುರು ಫಾದರ್ ಫೌಸ್ತಿನ್ ಪೂಜೆಯ ನಡುವಿನ ಉಪದೇಶದ ಪ್ರಸಂಗವನ್ನು ಹತ್ತು ನಿಮಿಷಕ್ಕೆ ಮುಗಿಸಿದರು, ಅದೂ ಒಂದು ದಾಖಲೆ.

ನಿಯಂತ್ರಣ ಕೊಠಡಿಯಲ್ಲಿ ರೇಡಾರ್ ನೋಡುತ್ತಿದ್ದವನು ಕೊಪ್ಪಳದ ನಿಂಗರಾಜ. ಪರದೆಯ ಮೇಲೆ ಒಂದು ಬಿಳಿ ಚುಕ್ಕಿ ಮಂಕಾಗಿ ಕೂತಿತ್ತು. ಅದು ಹೊಳೆಯಿತು, ಮಂಕಾಯಿತು, ಹೊಳೆಯಿತು.

“ಮೂರು,” ಎಂದ ನಿಂಗರಾಜ. “ಮೂರು. ಮೂರು. ಒಂದು ನಿಮಿಷ ತಡೀರಿ, ಯಾರೂ ಕೆಮ್ಮಬ್ಯಾಡ್ರಿ... ಒಂಬತ್ತು! ಬಂತ್ರೀ ಒಂಬತ್ತು!”

ಆಮೇಲೆ ನಲವತ್ತಾರು ಬಡಿತ ಬಂತು. ಒಂದು ಬಡಿತಕ್ಕೆ ಹತ್ತು ಡಿಗ್ರಿ, ನಾನೂರ ಅರವತ್ತು. ಆಮೇಲೆ ಒತ್ತಡ, ಆಮೇಲೆ ಗಾಳಿ. ಜಸಿಂತಾ ಬರೆದುಕೊಂಡಳು. ಒಂದೊಂದು ಅಂಕಿಯನ್ನೂ ಒಂದೇ ಸಲ. 

ತಾಯಿನೌಕೆ ಆರು ಗಂಟೆಗೊಮ್ಮೆ ಗಾಡಿಯ ಮೇಲೆ ಹಾದುಹೋಗುತ್ತಿತ್ತು. ಹತ್ತಕ್ಕೆ, ನಾಲ್ಕಕ್ಕೆ, ಮತ್ತೆ ಹತ್ತಕ್ಕೆ, ನಾಲ್ಕಕ್ಕೆ. ಮಧ್ಯಾಹ್ನ ನಾಲ್ಕರ ಸುತ್ತಿನಲ್ಲೂ ಗಾಡಿ ‘ನಾನೇ’ ಎಂದಾಗ ಹಳೆಯ ದಾಖಲೆಗಳೆಲ್ಲ ಮುರಿದಿದ್ದವು. ಸೋಮವಾರ ಪತ್ರಿಕೆಗಳಲ್ಲಿ ಬಂತು. ಜೋಜಪ್ಪನಪಾಳ್ಯದ ಬಸ್ ನಿಲ್ದಾಣದಲ್ಲಿ ಇನ್ನಾಸಪ್ಪನವರ ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವರ ಹೆಸರಿನ ಮುಂದೆ ಯಾರೋ ‘ಡಾ.’ ಎಂದು ಸೇರಿಸಿದ್ದರು. ಅವರೇ ಹೋಗಿ ಅದರ ಮೇಲೆ ಸುಣ್ಣ ಬಳಿದು ಬಂದರು.

ಒಂದೇ ಒಂದು ಕೊರತೆ ಕಂಡಿತು. ಅಷ್ಟು ಶಾಖಕ್ಕೆ ಸ್ಪ್ರಿಂಗು ಮೆತ್ತಗಾಗಿ ಗಾಡಿಯ ಗಡಿಯಾರ ನಿಧಾನವಾಗಿತ್ತು. ಗಾಡಿ ಕಾಲು ಗಂಟೆಗೊಮ್ಮೆ ಬಡಿಯಬೇಕು; ಅದರ ಕಾಲು ಗಂಟೆ ಇಲ್ಲಿಯ ಹದಿನೇಳು ನಿಮಿಷ. “ಅಳತೆಗೆ ತೊಂದರೆ ಇಲ್ಲ, ಬಿಡಿ,” ಎಂದರು ಹತ್ವಾರ್. ಎಲ್ಲರೂ ಬಿಟ್ಟರು.

ಹನ್ನೊಂದು ಸುತ್ತು ಹೀಗೇ ನಡೆಯಿತು. ಹನ್ನೊಂದನೆಯದು ಮಂಗಳವಾರ ರಾತ್ರಿ ಹತ್ತರದು. ಬುಧವಾರ ನಸುಕಿನ ನಾಲ್ಕರ ಸುತ್ತಿನಲ್ಲಿ ಚುಕ್ಕಿ ಮಂಕಾಗಿ ಕೂತಿತ್ತು. ಹೊಳೆಯಲಿಲ್ಲ. ಬೆಳಿಗ್ಗೆ ಹತ್ತಕ್ಕೂ ಹೊಳೆಯಲಿಲ್ಲ.

ತಾಯಿನೌಕೆಗೆ ಎರಡು ಕೆಲಸಗಳಿದ್ದವು. ಮೊದಲು ಗಾಡಿಯ ಮಾತು ಕೇಳುವುದು; ಗಾಡಿ ಸತ್ತ ಮೇಲೆ ಪಥ ಬದಲಿಸಿ ಉತ್ತರ ಧ್ರುವದ ನಕ್ಷೆ ತೆಗೆಯುವುದು. ಪಥ ಬದಲಿಸಿದರೆ ಮತ್ತೆ ಗಾಡಿಯ ಮೇಲೆ ಬರುವಷ್ಟು ಇಂಧನ ಇರಲಿಲ್ಲ. ತಡ ಮಾಡಿದ ಪ್ರತಿ ಸುತ್ತಿಗೂ ಧ್ರುವದ ನಕ್ಷೆಯಲ್ಲಿ ಒಂದು ಪಟ್ಟಿ ಕಡಿಮೆಯಾಗುತ್ತಿತ್ತು. ನಿಯಮ ಬರೆದಿಟ್ಟದ್ದೇ: ನಾಲ್ಕು ಸುತ್ತು ಸತತ ಮೌನ ಎಂದರೆ ಗಾಡಿ ಸತ್ತಿದೆ. ನಾಲ್ಕನೆಯ ಸುತ್ತು ಅಂದೇ ರಾತ್ರಿ ಹತ್ತಕ್ಕೆ.

ವರದಿಯ ಕರಡು ಆಗಲೇ ಜಸಿಂತಾಳ ಮೇಜಿಗೆ ಬಂದಿತ್ತು. ‘ಕಾರಣ: ಬಡಿತದ ಗಾಲಿಸಾಲಿನ ವೈಫಲ್ಯ. ತಯಾರಿಕೆ: ಹೊರಗಿನ ಕುಶಲಕರ್ಮಿ.’ ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಸ್ಕೂಟರು ತೆಗೆದುಕೊಂಡು ಊರಿಗೆ ಹೊರಟಳು. ಫೋನಿನಲ್ಲಿ ಕೂಗಿ ಕೇಳುವ ವಿಷಯ ಅದಾಗಿರಲಿಲ್ಲ.

ಇನ್ನಾಸಪ್ಪ ಪೂರ್ತಿ ಕೇಳಿದರು.

“ತಗಡು ತೆರ್ಕೊಂಡೈತೋ, ಮುಚ್ಕೊಂಡೈತೋ?”

“ಮುಚ್ಚಿದೆ.”

“ಅರ್ಧ?”

“ಇಲ್ಲ. ಪೂರ್ತಿ ಮುಚ್ಚಿದೆ.”

“ಸ್ಪ್ರಿಂಗು ಸತ್ರೆ ಹಂಗೆ ನಿಲ್ಲಲ್ಲ. ಏಟಿನ ಮಧ್ಯದಲ್ಲಿ ಎಲ್ಲೋ ನೇತಾಡ್ಕೊಂಡು ನಿಲ್ತೈತೆ. ಅಚ್ಚುಕಟ್ಟಾಗಿ ಮುಚ್ಕೊಂಡೈತೆ ಅಂದ್ರೆ ಅದು ಸತ್ತಿಲ್ಲ. ಸುಮ್ಮನೈತೆ.” ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. “ಜಸಿಂತಾ, ಅದರೊಳಗೆ ಗುರುವಾರದ ಕೊಂಡಿ ಐತೆ.”

ಅವಳಿಗೆ ತಕ್ಷಣ ಅರ್ಥವಾಯಿತು. ಆ ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಅರ್ಥವಾಗುವ ಮಾತು ಅದು.

ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮೆಯ ಗೀತೆ ಮುಗಿದ ಮೇಲೆ ಚರ್ಚಿನಲ್ಲಿ ಗಂಟೆ ಬಾರಿಸುವುದಿಲ್ಲ. ಶುಭ ಶುಕ್ರವಾರ ಬಾರಿಸುವುದಿಲ್ಲ, ಶನಿವಾರ ಹಗಲು ಬಾರಿಸುವುದಿಲ್ಲ. ಮರದ ಹಲಗೆ ತಟ್ಟುತ್ತಾರೆ. ಶನಿವಾರ ರಾತ್ರಿ ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಪೂಜೆಯಲ್ಲಿ ಎಲ್ಲ ಗಂಟೆಗಳೂ ಒಟ್ಟಿಗೆ ಮೊಳಗುತ್ತವೆ. ಗೋಪುರ ಗಡಿಯಾರವೂ ಆ ಎರಡು ದಿನ ಬಾಯಿ ಮುಚ್ಚಬೇಕು. ಅದಕ್ಕೆ, ಕೈಯಿಂದ ಕೆಳಕ್ಕೆ ಎಳೆದರೆ ಸುತ್ತಿಗೆಯನ್ನು ತಡೆಯುವ ಒಂದು ಕೊಂಡಿ. ಇಪ್ಪತ್ತಾರು ವರ್ಷದ ಹಿಂದೆ ಜೋಜಪ್ಪನಪಾಳ್ಯದ ಗಂಟೆ ಬಾರಿಸುವ ಚೌರಪ್ಪ ಕುಡಿದು ಮಲಗಿ, ಎಳೆದ ಕೊಂಡಿಯನ್ನು ಎತ್ತಲು ಮರೆತ. ಪುನರುತ್ಥಾನದ ಹಬ್ಬ ಗಂಟೆಯಿಲ್ಲದೆ ಆಯಿತು. ಊರು ಚೌರಪ್ಪನನ್ನು ಬೈದಿತು. ಇನ್ನಾಸಪ್ಪ ಬೈಯಲಿಲ್ಲ, ಒಂದು ಗಾಲಿ ಮಾಡಿದರು. ಕೊಂಡಿ ಬಿದ್ದ ಕೂಡಲೇ ಆ ಗಾಲಿ ಎಣಿಸಲು ಶುರುಮಾಡುತ್ತದೆ. ಐವತ್ತೆರಡು ಗಂಟೆ ಆದ ಮೇಲೆ ಕೊಂಡಿಯನ್ನು ತಾನೇ ಎತ್ತಿಬಿಡುತ್ತದೆ. ಮುಂದಿನ ಹಬ್ಬದೊಳಗೆ ನಲವತ್ತೊಂದು ಗೋಪುರಗಳಿಗೂ ಅದನ್ನೇ ಹಾಕಿದರು.

“ಶುಕ್ರನಲ್ಲಿ ಪವಿತ್ರ ಗುರುವಾರ ಯಾವಾಗ ಬರ್ತದೆ ದೊಡ್ಡಪ್ಪ?” ಜಸಿಂತಾಳ ದನಿ ಏರಿತು.

“ಬರಲ್ಲ. ಅದಕ್ಕೇ ಕೊಂಡಿ ಬೀಳ್ದಂಗೆ ಪಿನ್ನು ಹೊಡೆದಿದ್ದೆ.”

“ಎಂಥ ಪಿನ್ನು? ನಾವು ಕೊಟ್ಟ ಉಕ್ಕಿಂದಾ?”

ಅವರು ಕನ್ನಡಕವನ್ನು ಮತ್ತೆ ಒರೆಸತೊಡಗಿದರು.

“ದೊಡ್ಡಪ್ಪ.”

“ಹಿತ್ತಾಳೆ. ಜೇಬಲ್ಲಿತ್ತು. ಗಡಿಯಾರದ ಪಿನ್ನು ಹಿತ್ತಾಳೇದೇ ಇರ್ಬೇಕು ಮಗ, ಆಮೇಲೆ ಕೀಳೋಕೆ ಬರ್ತೈತೆ. ನಮ್ಮಪ್ಪ ಹಂಗೇ ಕಲಿಸಿದ್ದು.”

“ಶುಕ್ರಕ್ಕೆ ಹೋಗಿ ಯಾರು ಕೀಳ್ತಾರೆ?”

ಹಿತ್ತಾಳೆ ಆ ಶಾಖದಲ್ಲಿ ಕರಗುವುದಿಲ್ಲ. ಆದರೆ ಭಾರ ಹೊತ್ತು ನಿಂತರೆ ಗಂಟೆಗಂಟೆಗೂ ಕೂದಲೆಳೆಯಷ್ಟು ಜೋಲುತ್ತದೆ. ಎರಡೂವರೆ ದಿನ ಜೋತು, ಕೊನೆಗೆ ಕೊಂಡಿಯನ್ನು ಬಿಟ್ಟಿತ್ತು. ಕುಲುಮೆಯ ಪರೀಕ್ಷೆಯಲ್ಲಿ ಪಿನ್ನು ಇರಲಿಲ್ಲ. ಅಲ್ಲಿ ಕೊಂಡಿಯನ್ನು ಅದರ ಕೊಕ್ಕೆ ಹಿಡಿದಿತ್ತು. ರಾಕೆಟ್ಟಿನ ಕುಲುಕಾಟಕ್ಕೆ ಕೊಕ್ಕೆ ಸಾಲದೆಂದು ಕೊನೆಯ ಜೋಡಣೆಯ ದಿನ ಇನ್ನಾಸಪ್ಪ ತಾವಾಗಿ ಪಿನ್ನು ಹೊಡೆದಿದ್ದರು. ಆ ಕುಲುಕಾಟಕ್ಕೆ ಕೊಕ್ಕೆ ಕಳಚಿ, ಭಾರವೆಲ್ಲ ಪಿನ್ನಿನ ಮೇಲೆ ಬಿದ್ದಿತ್ತು.

“ಆ ಗಾಲಿ ಯಾತಕ್ಕೆ ಅಂತ ನಿಮ್ಮ ಹುಡುಗರು ಕೇಳಿದ್ರು. ಸಮತೂಕಕ್ಕೆ ಅಂದೆ. ಸುಳ್ಳೇ,” ಎಂದರು.

“ಅದನ್ನ ಬಿಟ್ಟೇ ಮಾಡಬಹುದಿತ್ತಲ್ಲ!”

“ಸುಮ್ಮನಿರೋಕೆ ಬರದ ಗಂಟೇನ ನಾನು ಮಾಡಲ್ಲ.”

ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಮದಲೇನಮ್ಮ ಹೇಳಿದಳು: “ಯೇಸುಸ್ವಾಮಿ ಸತ್ತು ಪಾತಾಳಕ್ಕೆ ಇಳಿದಾಗಲೇ ಅಲ್ವಾ ಗಂಟೆ ಸುಮ್ಮನಿರೋದು? ಗಾಡೀನೂ ಅಲ್ಲೇ ಐತಲ್ಲ.”

“ದೊಡ್ಡಮ್ಮ, ಇದನ್ನ ಫಾದರ್ ಮುಂದೆ ಹೇಳ್ಬೇಡಿ. ಪ್ರಸಂಗ ಮಾಡ್ಬಿಡ್ತಾರೆ.” ಜಸಿಂತಾ ಸ್ಕೂಟರಿನ ಕೀಲಿ ಎತ್ತಿಕೊಂಡಳು. “ದೊಡ್ಡಪ್ಪ, ಅಂಗಿ ಬದಲಾಯಿಸಿ. ಆಫೀಸಿನಲ್ಲಿ ನೀವೇ ಹೇಳ್ಬೇಕು.”

“ನಾನು ಪಾಪನಿವೇದನೆ ಚರ್ಚಿನ ಸ್ವಾಮಿಗಳ ಹತ್ರ ಮಾಡ್ತೀನಿ. ಆಫೀಸರ ಹತ್ರ ಯಾಕೆ ಮಾಡ್ಲಿ?”

“ಸ್ವಾಮಿಗಳ ಕೈಲಿ ಉಪಗ್ರಹ ಇಲ್ಲ.”

ಇನ್ನಾಸಪ್ಪ ಅಂಗಿ ಬದಲಾಯಿಸಿದರು.

ಸಂಜೆ ಆರಕ್ಕೆ ಸಭೆ. ಹತ್ವಾರ್, ಸುರಕ್ಷತಾ ವಿಭಾಗದ ಒಬ್ಬ ಹಿರಿಯರು, ಐದಾರು ಎಂಜಿನಿಯರುಗಳು. ಇನ್ನಾಸಪ್ಪ ನಿಂತೇ ಹೇಳಿದರು. ಗಾಲಿ, ಕೊಂಡಿ, ಪಿನ್ನು, ಸುಳ್ಳು. ಕಿವಿ ಮಂದವಾದ್ದರಿಂದ ಅವರ ತಪ್ಪೊಪ್ಪಿಗೆ ಕಾರಿಡಾರಿನವರೆಗೂ ಕೇಳಿಸಿತು.

ಹಿರಿಯರು ಕೇಳಿದರು, “ಅಂದರೆ ಸರ್ಕಾರದ ಯಂತ್ರದೊಳಗೆ ನಿಮ್ಮ ಧರ್ಮದ ಆಚರಣೆ ಸೇರಿಸಿದ್ದೀರಿ. ಇದು ಹೊರಗೆ ಗೊತ್ತಾದರೆ?”

ಹಿಂದೆ ಕೂತಿದ್ದ ನಿಂಗರಾಜ ಕೈ ಎತ್ತಿದ. “ಸರ್, ಗಾಡಿ ಹೊತ್ಕೊಂಡು ಹೊಂಟ ಲಾರಿ ಗಾಲಿ ಕೆಳಗ ನಿಂಬೆಹಣ್ಣು ಇಟ್ವಲ್ರೀ, ಅದು ಯಾವ ಡ್ರಾಯಿಂಗಿನಾಗಿತ್ರೀ?”

“ನಿಂಗರಾಜ್, ಸಾಕು,” ಎಂದರು ಹತ್ವಾರ್. ನಗು ಬಾರದಂತೆ ತುಟಿ ಬಿಗಿಹಿಡಿದಿದ್ದರು. “ಡ್ರಾಯಿಂಗಿನಲ್ಲಿಲ್ಲದ ಭಾಗ ಹಾಕಿದ್ದು ತಪ್ಪು. ಅದಕ್ಕೆ ಬೇರೆ ಫೈಲು ತೆರೆಯೋಣ. ಈಗ ನನಗೆ ಬೇಕಾದ್ದು ಒಂದೇ. ಇನ್ನಾಸಪ್ಪನವರೇ, ಆ ಕೊಂಡಿ ಏಳುತ್ತದೆಯೇ?”

“ಏಳ್ತೈತೆ.”

“ಹೇಗೆ ಹೇಳುತ್ತೀರಿ?”

“ನಲವತ್ತೊಂದು ಗೋಪುರ. ಇಪ್ಪತ್ತಾರು ವರ್ಷ. ಎಲ್ಲ ವರ್ಷಾನೂ ಎದ್ದೈತೆ. ಒಂದು ಸಲಾನೂ ತಪ್ಪಿಲ್ಲ, ಅಮ್ಮಾ. ಗಾಲಿ ಎತ್ತಿದ್ರೆ ಪೂರ್ತಿ ಮೇಲೆ ಹೋಗಿ ಕೊಕ್ಕೆಗೆ ಕೂರ್ತೈತೆ. ಆಮೇಲೆ ಪಿನ್ನು ಬೇಕಾಗಿಲ್ಲ.”

“ಸಾವಿರದ ಅರವತ್ತಾರು ಸಲ,” ಎಂದ ನಿಂಗರಾಜ, ಲೆಕ್ಕ ಹಾಕಿ.

ಹತ್ವಾರ್ ಹಿರಿಯರ ಕಡೆ ತಿರುಗಿದರು. “ನಮ್ಮ ಯಾವ ಬಿಡಿಭಾಗಕ್ಕೆ ಸಾವಿರ ಸಲದ ಪರೀಕ್ಷೆ ಆಗಿದೆ, ಹೇಳಿ?”

 ಜಸಿಂತಾ ಬೋರ್ಡಿನ ಮೇಲೆ ಬರೆದಳು. ಕೊಂಡಿ ಬಿದ್ದದ್ದು ಮಂಗಳವಾರ ರಾತ್ರಿ ಹತ್ತರಿಂದ ಬುಧವಾರ ಬೆಳಗಿನ ನಾಲ್ಕರ ಒಳಗೆ. ಐವತ್ತೆರಡು ಗಂಟೆ ಕೂಡಿಸಿದರೆ ಶುಕ್ರವಾರ ಬೆಳಿಗ್ಗೆ ಎಂಟರ ಒಳಗೆ ಏಳಲೇಬೇಕು. ಹತ್ತರ ಸುತ್ತಿನಲ್ಲಿ ಕೇಳಲೇಬೇಕು. ಹತ್ವಾರ್ ಸಹಿ ಹಾಕಿದರು: ಶುಕ್ರವಾರ ಬೆಳಿಗ್ಗೆ ಹತ್ತರವರೆಗೆ ಕಾಯುವುದು. ಧ್ರುವದ ನಕ್ಷೆಯ ಆರು ಪಟ್ಟಿ ಅಲ್ಲಿಗೆ ಹೋಯಿತು. ನಕ್ಷೆಯ ಗುಂಪಿನವರು ಜಸಿಂತಾಳ ಜೊತೆ ಎರಡು ದಿನ ಮಾತಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಚುಕ್ಕಿ ಬಂತು. ಇಪ್ಪತ್ತು ನಿಮಿಷ ಮಂಕಾಗಿ ಕೂತಿತ್ತು. ಹೋಯಿತು.

 ಪಥ ಬದಲಿಸುವ ಆಜ್ಞೆ ಮೊದಲೇ ಸಿದ್ಧವಾಗಿತ್ತು, ಹನ್ನೊಂದೂವರೆಗೆ ಕಳಿಸಬೇಕು. ಜಸಿಂತಾ ಬೋರ್ಡಿನ ಮೇಲಿನ ತನ್ನ ಲೆಕ್ಕವನ್ನೇ ನೋಡುತ್ತ ಕೂತಳು. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದಿದ್ದರೆ ಗಾಡಿ ಸತ್ತಿದೆ ಎಂದೇ ಅರ್ಥ.

ಇನ್ನಾಸಪ್ಪ ಗೇಟ್ ಪಾಸು ಕೊರಳಿಗೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿದ್ದರು. ಪಕ್ಕದಲ್ಲಿದ್ದ ನಿಂಗರಾಜನನ್ನು, ಅವರ ಮಟ್ಟಿಗೆ ಪಿಸುಮಾತಿನಲ್ಲಿ, ಇಡೀ ಕೊಠಡಿಗೆ ಕೇಳುವಂತೆ ಕೇಳಿದರು:

“ಅಪ್ಪಾ, ಅಲ್ಲಿ ಅದರ ಕಾಲು ಗಂಟೆ ಎಷ್ಟು ಅಂದ್ರಿ?”

“ಹದಿನೇಳು ನಿಮಿಷ, ಯಜಮಾನ್ರ.”

“ಹಂಗಾದ್ರೆ ನನ್ನ ಗಾಲಿ ಎಣಿಸೋದು ಯಾರ ಗಂಟೆ? ನಿಮ್ಮದೋ, ಅದರದೋ?”

ಜಸಿಂತಾ ಎದ್ದುನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಬೋರ್ಡಿಗೆ ಹೋಗಿ ಐವತ್ತೆರಡನ್ನು ಹದಿನೇಳರಿಂದ ಗುಣಿಸಿ ಹದಿನೈದರಿಂದ ಭಾಗಿಸಿದಳು. ಐವತ್ತೆಂಟು ಗಂಟೆ ಐವತ್ತಾರು ನಿಮಿಷ. ಎಂಎಸ್ಸಿ, ಹನ್ನೊಂದು ವರ್ಷದ ಅನುಭವ. ತಾನೇ ಮೂರು ದಿನದ ಹಿಂದೆ ದಾಖಲೆಯಲ್ಲಿ ಬರೆದಿದ್ದ ಹದಿನೇಳು.

“ಮೇಡಂ, ತಪ್ಪು ನನ್ನದು. ಕೊಂಡಿ ಮಂಗಳವಾರ ರಾತ್ರಿ ಹನ್ನೊಂದರ ಒಳಗೆ ಬಿದ್ದಿದ್ದರೆ ಮಾತ್ರ ಈಗ ಕೇಳ್ತಿತ್ತು. ಆಮೇಲೆ ಬಿದ್ದಿದ್ದರೆ ಇನ್ನೂ ಎದ್ದಿಲ್ಲ. ಆದರೆ ಮಧ್ಯಾಹ್ನ ಮೂರರ ಒಳಗೆ ಏಳಲೇಬೇಕು. ನಾಲ್ಕರ ಸುತ್ತು. ಅದೊಂದು ಕೊಡಿ.”

“ಇದು ಮುಗಿಯೋದೇ ಇಲ್ಲ,” ಎಂದರು ಸುರಕ್ಷತಾ ವಿಭಾಗದ ಹಿರಿಯರು. “ನಾಲ್ಕಕ್ಕೂ ಬರದಿದ್ದರೆ ಇನ್ನೊಂದು ಲೆಕ್ಕ ಬರುತ್ತೆ.”

“ಬರದಿದ್ದರೆ ಸತ್ತಿದೆ,” ಎಂದಳು ಜಸಿಂತಾ. “ಗಾಲಿಸಾಲಿನ ವೈಫಲ್ಯ ಅಂತ ನಾನೇ ಬರೆದು ಸಹಿ ಹಾಕ್ತೀನಿ. ದೊಡ್ಡಪ್ಪನ ಹೆಸರೂ ಹಾಕ್ತೀನಿ, ನನ್ನ ಹೆಸರೂ ಹಾಕ್ತೀನಿ.”

ಹತ್ವಾರ್ ಬೋರ್ಡನ್ನು ಒಂದು ನಿಮಿಷ ನೋಡಿದರು. ಲೆಕ್ಕವನ್ನು ತಾವೂ ಒಂದು ಸಲ ಕಾಗದದ ಮೇಲೆ ಹಾಕಿದರು. “ಏಳನೆಯ ಪಟ್ಟಿ,” ಎಂದು ನಕ್ಷೆಯ ಗುಂಪಿಗೆ ಹೇಳಿದರು. “ಕ್ಷಮಿಸಿ.”

ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಇನ್ನಾಸಪ್ಪ ಮಾಡಿದರು. ಎರಡನೇ ಸಲ ಅನ್ನ ಹಾಕಿಸಿಕೊಂಡು, “ಸಾರು ಪರವಾಗಿಲ್ಲ,” ಎಂದರು. ಕ್ಯಾಂಟೀನಿನಲ್ಲಿ ಅವರಿಗೆ ಎದುರಾಗಿ ಕೂತ ಜಸಿಂತಾ ಕೇಳಿದಳು, “ಭಯ ಇಲ್ವಾ ನಿಮಗೆ?”

“ನಾನು ಮಾಡಿದ ತಪ್ಪು ಪಿನ್ನಿಂದು. ಅದನ್ನ ಹೇಳಾಯ್ತು. ಗಾಲೀಲಿ ತಪ್ಪಿಲ್ಲ. ತಪ್ಪಿಲ್ಲದ್ದಕ್ಕೆ ಯಾಕೆ ಭಯಪಡ್ಲಿ?”

ನಾಲ್ಕಕ್ಕೆ ಚುಕ್ಕಿ ಬಂತು. ಮಂಕಾಗಿತ್ತು. ಒಂದು ನಿಮಿಷ, ಎರಡು, ಐದು. ನಿಂಗರಾಜ ಪರದೆಗೆ ಮೂಗು ತಾಗಿಸಿ ಕೂತಿದ್ದ. ಒಂಬತ್ತನೆಯ ನಿಮಿಷಕ್ಕೆ ಚುಕ್ಕಿ ಹೊಳೆಯಿತು.

ಈ ಸಲ ಅವನು ಎಣಿಸಲಿಲ್ಲ. ಇಡೀ ಕೊಠಡಿ ಎಣಿಸಿತು. ಮೂರು. ಮೂರು. ಮೂರು. ಒಂಬತ್ತು. ನಕ್ಷೆಯ ಗುಂಪಿನವರೂ ಎಣಿಸಿದರು. ಸುರಕ್ಷತಾ ವಿಭಾಗದ ಹಿರಿಯರು ಒಂಬತ್ತನ್ನು ಎಲ್ಲರಿಗಿಂತ ಜೋರಾಗಿ ಹೇಳಿದರು. ಆಮೇಲೆ ನಲವತ್ತಾರು ಬಡಿತ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಜಸಿಂತಾ ಬರೆದುಕೊಳ್ಳುತ್ತಿದ್ದಳು. ಈ ಸಲ ನಲವತ್ತಾರನ್ನು ಎರಡು ಸಲ ಬರೆದಳು.

ಹತ್ವಾರ್ ಹಿಂದಿನ ಸಾಲಿಗೆ ಬಂದು ಇನ್ನಾಸಪ್ಪನವರ ಮುಂದೆ ನಿಂತರು. ಕೈ ಮುಗಿದರು. ಅವರೂ ಎದ್ದು ಮುಗಿದರು. 

ಸಂಜೆ ಊರಿಗೆ ಬಂದಾಗ ಫಾದರ್ ಫೌಸ್ತಿನ್ ಮನೆಯ ಮುಂದೆ ನಿಂತಿದ್ದರು. ಮದಲೇನಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

“ಇನ್ನಾಸಪ್ಪ! ಪಾತಾಳದಲ್ಲಿ ಮೌನ, ಮೂರನೇ ದಿನ ಎದ್ದೇಳುವುದು! ಇದು ಪವಾಡವಲ್ಲದೆ ಮತ್ತೇನು? ಭಾನುವಾರ ಕೃತಜ್ಞತಾ ಪೂಜೆ ಇಡೋಣ.”

“ಪೂಜೆ ಇಡಿ ಸ್ವಾಮಿ, ಬರ್ತೀನಿ. ಪವಾಡ ಅನ್ಬೇಡಿ.”

“ಯಾಕಪ್ಪಾ?”

“ಪವಾಡ ಅಂದ್ರೆ ನನ್ನ ಇಪ್ಪತ್ತಾರು ವರ್ಷದ ಕೆಲಸ ಎಲ್ಲಿಗೆ ಹೋಯ್ತು?”

 ಫಾದರ್ ನಗುತ್ತ, “ಆಯ್ತು. ಆದರೆ ಒಂದು ಒಪ್ಪಿಕೋ. ಇನ್ನೊಂದು ಗ್ರಹದ ಮೇಲೆ ಮೊದಲು ಕೇಳಿದ ಪ್ರಾರ್ಥನೆ ನಮ್ಮೂರಿಂದು,” ಎಂದರು.

“ಅದು ಪ್ರಾರ್ಥನೆ ಅಲ್ಲ ಫಾದರ್, ಆರಂಭ ಸಂಕೇತ,” ಎಂದಳು ಜಸಿಂತಾ.

“ಎರಡೂ ಹೌದು,” ಎಂದು ಇನ್ನಾಸಪ್ಪ ಒಳಗೆ ಹೋದರು.

ತಾಯಿನೌಕೆ ಗಾಡಿಯ ಮೇಲಿನ ಪಥದಲ್ಲೇ ಉಳಿಯಿತು. ಗಾಡಿ ಇನ್ನೂರ ಹದಿಮೂರು ದಿನ ಓಡಿತು. ಶುಕ್ರನ ನೆಲದ ಗಾಳಿ ಯಾವ ಹೊತ್ತಿನಲ್ಲಿ ಎತ್ತ ಬೀಸುತ್ತದೆ ಎಂದು ಜಗತ್ತಿಗೆ ಮೊದಲ ಸಲ ಗೊತ್ತಾಯಿತು. ಬೇರೆ ದೇಶಗಳ ಪಠ್ಯಗಳಲ್ಲೂ ಆ ಕೋಷ್ಟಕ ಈಗ ಇದೆ. ಕೊನೆಯ ದಿನ ತಗಡು ಏಟಿನ ಮಧ್ಯದಲ್ಲಿ, ಅರ್ಧ ತೆರೆದು ನಿಂತಿತು. ಸ್ಪ್ರಿಂಗು ಸತ್ತಿತ್ತು. ಯಾರೂ ಅನುಮಾನಪಡಲಿಲ್ಲ. ನೌಕೆ ಆ ಬಳಿಕ ಧ್ರುವಕ್ಕೆ ಹೋಯಿತು. ಅಷ್ಟು ದಿನ ಕಾದದ್ದಕ್ಕೆ ನಕ್ಷೆಯ ಇನ್ನಷ್ಟು ಪಟ್ಟಿಗಳ ಬೆಲೆ ಕೊಡಬೇಕಾಯಿತು, ಆದರೆ ಆ ನಿರ್ಧಾರವನ್ನು ಎಲ್ಲರೂ ಸೇರಿ, ಸಂತೋಷದಿಂದ ಮಾಡಿದ್ದರು.

ಹತ್ವಾರ್ ಹೇಳಿದ್ದ ಬೇರೆ ಫೈಲು ತೆರೆಯಿತು. ಡ್ರಾಯಿಂಗಿನಲ್ಲಿಲ್ಲದ ಭಾಗ ಹಾಕಿದ ಹೊರಗಿನವರಿಗೆ ಮತ್ತೆ ಕೆಲಸ ಕೊಡುವಂತಿಲ್ಲ ಎಂಬ ನಿಯಮ ಇತ್ತು. ನಿಯಮ ಸರಿಯಾಗಿಯೇ ಇತ್ತು. ಇನ್ನಾಸಪ್ಪ ಸಹಿ ಹಾಕಿ, ಕೊರಳಿನ ಗೇಟ್ ಪಾಸನ್ನು ಬಿಚ್ಚಿಕೊಟ್ಟು, ಮಾರನೆಯ ದಿನ ದೋರನಹಳ್ಳಿ ಕಡೆಯ ಒಂದು ಗೋಪುರ ಹತ್ತಿದರು.

ಆ ಮೌನದ ಅರವತ್ತಾರು ಗಂಟೆಗಳ ವರದಿಯನ್ನು ಜಸಿಂತಾ ಬರೆದಳು. ಕಾರಣದ ಜಾಗದಲ್ಲಿ ಎರಡು ಹೆಸರಿದ್ದವು: ಪಿನ್ನಿಗೆ ದೊಡ್ಡಪ್ಪನದು, ಹದಿನೇಳು ನಿಮಿಷ ಮರೆತದ್ದಕ್ಕೆ ತನ್ನದು. ಕೊನೆಯ ಪುಟದಲ್ಲಿ ನಷ್ಟದ ಪಟ್ಟಿ ಕೊಡಬೇಕಿತ್ತು. ಕೊಟ್ಟಳು.

ಅಳತೆ, ಹತ್ತು ಸುತ್ತಿನದು. ಉತ್ತರ ಧ್ರುವದ ನಕ್ಷೆ, ಏಳು ಪಟ್ಟಿ. ಹಿತ್ತಾಳೆ ಪಿನ್ನು, ಒಂದು. ಗೇಟ್ ಪಾಸು, ಒಂದು.